ಎಲ್ಲಿಂದ ಬಂತು?

ನಮ್ಮ ಮೈಸೂರಿಗೆ ಪಿಂಚಣಿದಾರರ ಊರು ಎಂಬ ಹೆಸರು ಬಹಳ ಹಳೆಯದು. ನಾಡಿನ ಎಲ್ಲೆಲ್ಲೋ ಸರ್ಕಾರಿ ಕೆಲಸ ಮಾಡಿದವರು ಕೊನೆಗೆ ಇಲ್ಲೊಂದು ಮನೆ ಮಾಡಿಕೊಂಡು, ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಾ ತಮ್ಮ ಕಾಲದ ಇಲಾಖೆಯ ಕಥೆಗಳನ್ನು ಹೇಳಿಕೊಳ್ಳುತ್ತಾರೆ. ಆದರೆ ಇವರಲ್ಲಿ ಅನೇಕರು ಕೆಲಸಕ್ಕೆ ಸೇರಿದ ಹೊಸದರಲ್ಲಿಯೂ ಒಮ್ಮೆ ಈ ಊರಿಗೆ ಬಂದು ಹೋದವರೇ. ಲಲಿತಮಹಲ್ ರಸ್ತೆಯಲ್ಲಿ ರಾಜ್ಯದ ಆಡಳಿತ ತರಬೇತಿ ಸಂಸ್ಥೆ ಇದೆ. ತಹಸೀಲ್ದಾರರು, ಉಪವಿಭಾಗಾಧಿಕಾರಿಗಳು ಆಗಬೇಕಾದವರು ಅಲ್ಲಿ ಕಲಿಯುತ್ತಾರೆ. ಪಂಚಾಯತಿಯವರಿಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಸಂಸ್ಥೆಯಿದೆ. ಎಂಬತ್ತರ ದಶಕದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದ ಮಂತ್ರಿ ಅವರು. ಪೊಲೀಸರಿಗೆ ಪೊಲೀಸ್ ಅಕಾಡೆಮಿ ಇದೆ, ನಮ್ಮಂಥ ಉಪಾಧ್ಯಾಯರಿಗೆ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಹೀಗೆ ಸರ್ಕಾರದ ಮನುಷ್ಯ ಮೈಸೂರಿಗೆ ಎರಡು ಸಲ ಬರುತ್ತಾನೆ. ಕಲಿಯಲು ಒಮ್ಮೆ, ಕುಳಿತುಕೊಳ್ಳಲು ಒಮ್ಮೆ. ನಡುವಿನ ಮೂವತ್ತು ಮೂವತ್ತೈದು ವರ್ಷ ಏನು ಮಾಡಿದ ಎಂಬುದು ಅವನು ಕಟ್ಟಿಸಿದ ಮನೆಯನ್ನು ನೋಡಿದರೆ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ ಎಂದು ನಮ್ಮ ಬೀದಿಯ ಹೆಂಗಸರು ಹೇಳುವುದುಂಟು.

ಹೀಗೆ ತರಬೇತಿಗೆಂದು ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದ. ಉಪ್ಪಿಟ್ಟು ತಿನ್ನುತ್ತಾ ಕುಳಿತವನನ್ನು, “ಈ ವಾರ ಏನಪ್ಪಾ ಪಾಠ ನಿಮಗೆ?” ಎಂದು ಕೇಳಿದೆ.

“ಆಡಳಿತದಲ್ಲಿ ನೈತಿಕತೆ ಮೇಡಂ. ಒಂದೊಂದು ಸಂದರ್ಭ ಬರೆದು ಕೊಡ್ತಾರೆ. ನಿಮ್ಮ ಮೇಜಿನ ಮೇಲೆ ಒಬ್ಬ ಕಂಟ್ರಾಕ್ಟರನ ಬಿಲ್ಲು ಇದೆ, ಅವನು ನಿಮ್ಮ ಮಗಳ ಹುಟ್ಟುಹಬ್ಬಕ್ಕೆ ಚಿನ್ನದ ಸರ ತಂದಿದ್ದಾನೆ, ಏನು ಮಾಡ್ತೀರಿ ಅಂತ.”

“ಎಲ್ಲರೂ ಏನು ಬರೆದರು?”

ಅವನು ನಕ್ಕುಬಿಟ್ಟ. “ಎಲ್ಲರೂ ಸರಿಯಾಗೇ ಬರೆದರು ಮೇಡಂ. ಒಬ್ಬರೂ ತಪ್ಪಲಿಲ್ಲ.”

ಆ ನಗು ನನಗೆ ಪರಿಚಯದ್ದೇ. ಶಾಲೆಯಲ್ಲಿ ನೀತಿಪಾಠ ಹೇಳಿಕೊಟ್ಟವರಿಗೆಲ್ಲ ಅದು ಗೊತ್ತು. ‘ಪ್ರಾಮಾಣಿಕತೆ ಎಂದರೇನು? ಎರಡು ಉದಾಹರಣೆ ಕೊಡಿ’ ಎಂಬ ಪ್ರಶ್ನೆಗೆ ಒಬ್ಬ ಹುಡುಗ ಪಕ್ಕದವನ ಹಾಳೆ ನೋಡಿ ಉತ್ತರ ಬರೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೈಯುವುದೋ ನಗುವುದೋ ತಿಳಿಯದೆ ನಿಂತಿದ್ದೆ. ಉತ್ತರವೇನೋ ಬಹಳ ಚೆನ್ನಾಗಿತ್ತು.

ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಓದುವಾಗ ತತ್ವಶಾಸ್ತ್ರ ನನಗೊಂದು ವಿಷಯವಾಗಿತ್ತು. ಪ್ಲೇಟೋ ಬರೆದ ‘ಮೀನೋ’ ಎಂಬ ಸಂವಾದದಲ್ಲಿ ಒಬ್ಬ ಯುವಕ ಸಾಕ್ರಟೀಸನನ್ನು ಕೇಳುತ್ತಾನೆ: ಒಳ್ಳೆಯತನವನ್ನು ಕಲಿಸಬಹುದೇ, ಅದು ಅಭ್ಯಾಸದಿಂದ ಬರುವುದೇ, ಇಲ್ಲ ಹುಟ್ಟಿನಿಂದಲೇ ಇರುವುದೇ? ಕಲಿಸಲು ಸಾಧ್ಯವಿದ್ದರೆ ಅದನ್ನು ಕಲಿಸುವ ಗುರುಗಳು ಇರಬೇಕಲ್ಲ, ಅವರು ಎಲ್ಲಿದ್ದಾರೆ, ಒಳ್ಳೆಯ ತಂದೆಗಳ ಮಕ್ಕಳು ಹಾಗೇಕೆ ಆದರು ಎಂದೆಲ್ಲ ಸಾಕ್ರಟೀಸ್ ಸುತ್ತಾಡಿಸುತ್ತಾನೆ. ಖಚಿತವಾದ ಉತ್ತರ ಸಿಕ್ಕದೆಯೇ ಸಂವಾದ ಮುಗಿಯುತ್ತದೆ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಬಗೆಹರಿಯದ ಈ ಪ್ರಶ್ನೆಗೆ ನಮ್ಮ ಸರ್ಕಾರಗಳು ಮಾತ್ರ ‘ಕಲಿಸಬಹುದು’ ಎಂದೇ ಉತ್ತರ ಹೇಳಿವೆ. 1966ರಲ್ಲಿ ನಮ್ಮ ರಾಜ್ಯದ ನೌಕರರಿಗೆ ನಡತೆ ನಿಯಮಗಳಾದವು. 2021ರಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳು ಬಂದವು. ಬ್ರಿಟನ್ನಿನಲ್ಲಿ 1995ರಲ್ಲಿ ನೋಲನ್ ಸಮಿತಿಯವರು ಸಾರ್ವಜನಿಕ ಜೀವನಕ್ಕೆ ಏಳು ತತ್ವಗಳನ್ನು ಹೇಳಿದರು. ನಮ್ಮವರೇ ಆದ ವೀರಪ್ಪ ಮೊಯಿಲಿಯವರು ಎರಡನೆಯ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದಾಗ, 2007ರಲ್ಲಿ, ಆಡಳಿತದಲ್ಲಿ ನೈತಿಕತೆಯ ಬಗ್ಗೆಯೇ ಒಂದು ದಪ್ಪ ವರದಿ ಕೊಟ್ಟರು. 2013ರಿಂದ ಐ.ಎ.ಎಸ್. ಪರೀಕ್ಷೆಗೆ ನೀತಿಶಾಸ್ತ್ರದ್ದೇ 250 ಅಂಕಗಳ ಒಂದು ಪತ್ರಿಕೆ ಸೇರಿತು. ಈಗ ಅದಕ್ಕೂ ಕೋಚಿಂಗ್ ಇದೆ, ಗೈಡುಗಳಿವೆ. ಪ್ರಾಮಾಣಿಕತೆಗೆ ಇಂತಿಷ್ಟು ಫೀಸು!

ನಾನು ಇದನ್ನು ಹಾಸ್ಯ ಮಾಡಿ ತಳ್ಳಿಹಾಕುತ್ತಿದ್ದೇನೆ ಎಂದು ತಿಳಿಯಬೇಡಿ. ಮೂವತ್ತು ವರ್ಷ ಪಾಠ ಹೇಳಿದವಳು, ಪಾಠದಿಂದ ಏನೂ ಆಗುವುದಿಲ್ಲ ಎಂದರೆ ನನ್ನ ಸಂಬಳಕ್ಕೇ ಅವಮಾನ. ನಿಯಮ ಗೊತ್ತಿಲ್ಲದೆ ಸಿಕ್ಕಿಬೀಳುವವರೂ ಇದ್ದಾರೆ. ಯಾವುದು ಉಡುಗೊರೆ, ಯಾವುದು ಲಂಚ ಎಂದು ತಿಳಿಹೇಳುವುದು ಬೇಕೇ ಬೇಕು. ‘ಬೇಡ’ ಎಂದು ಹೇಳಲು ಹೊರಟ ಹೊಸಬನಿಗೆ ಮೇಲಿನವರಿಂದಲೂ ಕೆಳಗಿನವರಿಂದಲೂ ಒತ್ತಡ ಬಂದಾಗ, ನಿನ್ನ ಹಿಂದೆ ಒಂದು ನಿಯಮ ನಿಂತಿದೆ ಎಂಬ ಧೈರ್ಯವಾದರೂ ಇರಬೇಕು. ಅಷ್ಟನ್ನು ತರಬೇತಿ ಕೊಡುತ್ತದೆ. ನನ್ನನ್ನು ಕಾಡುವುದು ಬೇರೆಯೇ. ಆ ತರಗತಿಯಲ್ಲಿ ಅಧಿಕಾರಿ ಒಬ್ಬನೇ ಕುಳಿತಿರುತ್ತಾನೆ. ಚಿನ್ನದ ಸರದ ಪ್ರಶ್ನೆಗೆ ಅವನೊಬ್ಬನೇ ಉತ್ತರ ಬರೆಯುತ್ತಾನೆ. ಆದರೆ ಆ ಸರ ಬರುವುದು ಆಫೀಸಿಗಲ್ಲ, ಮನೆಗೆ. ಬಾಗಿಲು ತೆರೆಯುವವರು ಯಾರು? ನೀವೇ ಹೇಳಿ.

ಈ ಸಂಗತಿ ನಿಯಮ ಬರೆದವರಿಗೆ ಗೊತ್ತಿತ್ತು. ನೌಕರನು ಉಡುಗೊರೆ ಪಡೆಯಕೂಡದು ಎಂದಷ್ಟೇ ಬರೆದು ಅವರು ನಿಲ್ಲಿಸಲಿಲ್ಲ. ತನ್ನ ಕುಟುಂಬದವರು ಪಡೆಯಲೂ ಬಿಡಕೂಡದು ಎಂದು ಸೇರಿಸಿದ್ದಾರೆ. ವರ್ಷಕ್ಕೊಮ್ಮೆ ಕೊಡಬೇಕಾದ ಆಸ್ತಿಪಾಸ್ತಿಯ ವಿವರಪಟ್ಟಿಯಲ್ಲಿ ಆಸ್ತಿ ಸ್ವಂತ ಹೆಸರಿನಲ್ಲಿಲ್ಲದಿದ್ದರೆ ಯಾರ ಹೆಸರಿನಲ್ಲಿದೆ, ಅವರು ನೌಕರನಿಗೆ ಏನಾಗಬೇಕು ಎಂದು ಕೇಳುತ್ತಾರೆ. ಅಂದರೆ ಕಾಗದದ ಮೇಲೆ ಮನೆಯವರು ಇದ್ದಾರೆ, ತರಗತಿಯಲ್ಲಿ ಇಲ್ಲ.

ವಿಶ್ವೇಶ್ವರಯ್ಯನವರ ಬಗ್ಗೆ ಮೈಸೂರಿನಲ್ಲಿ ಹೇಳದ ಕಥೆ ಇಲ್ಲ. ಸರ್ಕಾರದ ಮೇಣದಬತ್ತಿ ಆರಿಸಿ ಸ್ವಂತ ಮೇಣದಬತ್ತಿ ಹಚ್ಚಿಕೊಂಡರೆಂಬ ಕಥೆಯನ್ನು ಪ್ರತಿ ಶಾಲೆಯಲ್ಲೂ ಹೇಳುತ್ತೇವೆ. ಅದು ನಡೆದದ್ದೋ ಕಟ್ಟಿದ್ದೋ. ಅದೇ ಕಥೆಯನ್ನು ಚಾಣಕ್ಯನ ಮೇಲೂ, ಅರಬ್ ನಾಡಿನ ಒಬ್ಬ ಖಲೀಫರ ಮೇಲೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯ ಎನಿಸುವುದು ಅವರ ಬಗ್ಗೆ ಹೇಳುವ ಇನ್ನೊಂದು ಕಥೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಾನಗಿರಿಗೆ ಕರೆದಾಗ ಅವರು ಒಪ್ಪಿಕೊಳ್ಳುವ ಮೊದಲು ತಾಯಿಯನ್ನೂ ನೆಂಟರಿಷ್ಟರನ್ನೂ ಕರೆದು, ಯಾರೂ ಯಾರ ಪರವಾಗಿಯೂ ಶಿಫಾರಸು ತರುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಈ ಕೆಲಸ ಒಪ್ಪುತ್ತೇನೆ ಎಂದರಂತೆ. ಈ ಕಥೆಗೂ ಜನ ಸ್ವಲ್ಪ ಬಣ್ಣ ಹಚ್ಚಿರಬಹುದು. ಆದರೆ ಅದರಲ್ಲಿ ವ್ಯವಹಾರ ಬಲ್ಲವರ ವಿವೇಕವಿದೆ. ಮೇಣದಬತ್ತಿಯ ಕಥೆಯಲ್ಲಿ ಅಧಿಕಾರಿ ಒಂಟಿಯಾಗಿ ಒಳ್ಳೆಯವನಾಗುತ್ತಾನೆ. ಈ ಕಥೆಯಲ್ಲಿ ತನ್ನ ಒಳ್ಳೆಯತನ ಅಡಿಗೆಮನೆಯಿಂದಲೇ ಸೋರಿಹೋಗಬಹುದೆಂದು ಅವರು ಮೊದಲೇ ಎಣಿಸಿದ್ದಾರೆ.

ಇನ್ನು ಪುರಾಣಗಳಿಗೆ ಬರುತ್ತೇನೆ. ಹರಿಕಥೆಗಳಲ್ಲಿ ಕೇಳಿದ ಬೇಡನ ಕಥೆ ನಿಮಗೆಲ್ಲ ಗೊತ್ತು. ಅದು ವಾಲ್ಮೀಕಿಗಳು ಬರೆದ ರಾಮಾಯಣದಲ್ಲಿಲ್ಲ, ಆಮೇಲೆ ಸೇರಿಕೊಂಡದ್ದು. ಆದಿಕವಿಯನ್ನು ದಾರಿಗಳ್ಳನೆನ್ನುವುದಕ್ಕೆ ಅವರ ಸಮುದಾಯದವರು ಆಕ್ಷೇಪಿಸುವುದು ನ್ಯಾಯವೇ ಆಗಿದೆ. ಆದ್ದರಿಂದ ಹೆಸರು ಬಿಟ್ಟು ಹೇಳುತ್ತೇನೆ. ನನಗೆ ಬೇಕಾಗಿರುವುದು ಆ ಬೇಡನಲ್ಲ, ಅವನ ಹೆಂಡತಿ. ದಾರಿಹೋಕರನ್ನು ಸುಲಿಯುತ್ತಿದ್ದವನನ್ನು ಋಷಿಗಳು ಕೇಳುತ್ತಾರೆ: ಈ ಪಾಪದಲ್ಲಿ ನಿನ್ನ ಮನೆಯವರಿಗೂ ಪಾಲಿದೆಯೇ, ಹೋಗಿ ಕೇಳಿಕೊಂಡು ಬಾ. ಅವನು ಮನೆಗೆ ಹೋಗಿ ಕೇಳುತ್ತಾನೆ. ಹೆಂಡತಿ ಹೇಳುತ್ತಾಳೆ, ನಮ್ಮನ್ನು ಸಾಕುವುದು ನಿಮ್ಮ ಕರ್ತವ್ಯ, ಹೇಗೆ ಸಾಕಿದಿರೋ ಅದು ನಿಮಗೆ ಸೇರಿದ್ದು, ಪಾಪ ನಮಗೆ ಬೇಡ. ಕಥೆ ಹೇಳುವ ದಾಸರು ಅಲ್ಲಿ ನಿಲ್ಲಿಸಿ, ‘ನೋಡಿ, ಸಂಸಾರವೆಂದರೆ ಇಷ್ಟೇ!’ ಎಂದು ತಾಳ ಹಾಕುತ್ತಾರೆ. ಸಭೆಯಲ್ಲಿ ಗಂಡಸರು ತಲೆದೂಗುತ್ತಾರೆ. ನಮಗೆ ಹೆಂಗಸರಿಗೆ ಆ ಹೆಂಡತಿಯ ಮೇಲೆ ಕೋಪ ಬರಬೇಕೆಂದು ಅವರ ಉದ್ದೇಶ.

ನನಗೆ ಅವಳ ಉತ್ತರ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ ಎನಿಸುತ್ತದೆ. ಅವಳನ್ನು ಯಾರಾದರೂ ಮೊದಲು ಕೇಳಿದ್ದರೇ? ಸುಲಿಗೆ ಮಾಡಲೇ ಬೇಡವೇ ಎಂದು ಗಂಡ ಒಂದು ದಿನ ಕೇಳಿದ್ದನೇ? ತಂದದ್ದನ್ನು ಬೇಯಿಸಿ ಬಡಿಸುವುದು ಅವಳ ಪಾಲಿಗೆ ಬಂದ ಕೆಲಸ. ಲೆಕ್ಕ ಕೇಳುವ ಅಧಿಕಾರ ಕೊಡದೆ, ಪಾಪದ ಲೆಕ್ಕದಲ್ಲಿ ಮಾತ್ರ ಪಾಲು ಹಾಕಲು ಬಂದರೆ ಯಾವಳು ಒಪ್ಪುತ್ತಾಳೆ? ಆದರೂ ಒಂದು ಮುಳ್ಳು ಉಳಿದೇ ಉಳಿಯುತ್ತದೆ. ಅವಳಿಗೆ ಗೊತ್ತಿತ್ತು. ಕಾಡಿಗೆ ಬರಿಗೈಯಲ್ಲಿ ಹೋದವನು ಸಂಜೆ ಬೇರೆಯವರ ಬಳೆ ತಂದರೆ ಯಾರಿಗೆ ಗೊತ್ತಾಗುವುದಿಲ್ಲ?

ಇನ್ನೊಬ್ಬಳು ಹೆಂಡತಿ ನಮ್ಮ ನಾಡಿನವಳೇ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನ ಕಾಯಕ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಪರೀಕ್ಷಿಸಲೆಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಜನ ಹೇಳುವುದುಂಟು. ಲಕ್ಕಮ್ಮ ಗಂಡನ ಚೀಲ ನೋಡಿ, ಇದು ನಮ್ಮ ಪ್ರಮಾಣವಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದಳು. ಅವನು ಹೋಗಿ ಸುರಿದು ಬಂದ. 

ಈ ಕಥೆಯನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಪ್ರತಿ ಸಲವೂ ಒಂದೊಂದು ಹೊಸದು ಹೊಳೆಯುತ್ತದೆ. ಮೊದಲನೆಯದು, ಆ ಅಕ್ಕಿ ಕದ್ದದ್ದಲ್ಲ. ಯಾರನ್ನೂ ಹೆದರಿಸಿ ತಂದದ್ದಲ್ಲ. ಕೊಟ್ಟವರು ಕಲ್ಯಾಣದ ಭಂಡಾರಿ, ಬಿಜ್ಜಳನ ಬೊಕ್ಕಸವನ್ನೇ ನೋಡಿಕೊಳ್ಳುತ್ತಿದ್ದ ಬಸವಣ್ಣ. ಆ ಬಸವಣ್ಣನವರ ಮೇಲೂ ಬೊಕ್ಕಸದ ಹಣ ಕಳೆದರೆಂದು ಚಾಡಿ ಹೋಗಿ, ಲೆಕ್ಕ ನೋಡಿದಾಗ ಎಲ್ಲವೂ ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಅಂಥವರು ಪ್ರೀತಿಯಿಂದ ಕೊಟ್ಟರೂ, ದುಡಿಮೆಗೆ ಮೀರಿದ್ದು ಲಕ್ಕಮ್ಮನಿಗೆ ಬೇಡ. ಎರಡನೆಯದು ನನಗೆ ಇನ್ನೂ ದೊಡ್ಡದೆನಿಸುತ್ತದೆ. ಅಕ್ಕಿ ಹೆಚ್ಚಾಗಿದೆ ಎಂದು ಅವಳಿಗೆ ಹೇಗೆ ತಿಳಿಯಿತು? ದಿನಾ ಅಳೆಯುತ್ತಿದ್ದವಳು ಅವಳೇ. ಮನೆಗೆ ಎಷ್ಟು ಬರಬೇಕು, ಎಷ್ಟು ಬಂತು ಎಂಬುದು ಹೆಂಗಸಿನ ಕೈಗೆ ಗೊತ್ತಿರುತ್ತದೆ. ತಿಂಗಳ ಸಂಬಳದಲ್ಲಿ ಹಾಲಿನವನು, ದಿನಸಿ, ಮಕ್ಕಳ ಫೀಸು, ಚೀಟಿ ಎಲ್ಲ ಕಳೆದು ಇಪ್ಪತ್ತೈದನೆಯ ತಾರೀಕಿಗೆ ಡಬ್ಬಿಯ ತಳ ಕಾಣುವ ಲೆಕ್ಕ ಗೊತ್ತಿರುವ ನಮಗೆ, ಡಬ್ಬಿ ಇದ್ದಕ್ಕಿದ್ದಂತೆ ತುಂಬಿದರೆ ತಿಳಿಯುವುದಿಲ್ಲವೇ? ಯಾವ ಆಡಿಟರೂ ಬೇಕಾಗಿಲ್ಲ.

ಲಂಚ ಹೆಂಗಸರ ಕಡೆಯಿಂದ ಬರುವಾಗ ಎಷ್ಟು ಮಡಿಯಾಗಿ ಬರುತ್ತದೆ ಎನ್ನುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಅದು ನೋಟಿನ ಕಟ್ಟಾಗಿ ಬರುವುದಿಲ್ಲ. ದೀಪಾವಳಿಗೆ ಗೋಡಂಬಿ ದ್ರಾಕ್ಷಿಯ ಪೆಟ್ಟಿಗೆಯಾಗಿ ಬರುತ್ತದೆ. ‘ಅಕ್ಕಾ, ತವರಿನವರು ಕೊಟ್ಟದ್ದು ಅಂದ್ಕೊಳ್ಳಿ’ ಎನ್ನುತ್ತಾ ಮೈಸೂರು ಸಿಲ್ಕ್ ಸೀರೆಯಾಗಿ ಬರುತ್ತದೆ. ಅರಿಸಿನ ಕುಂಕುಮದ ತಟ್ಟೆಯಲ್ಲಿ ಬಂದದ್ದನ್ನು ಬೇಡವೆನ್ನುವುದು ಹೇಗೆ? ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಇಂಜಿನಿಯರರ ಹೆಂಡತಿ ಇದ್ದರು. ಗೌರಿಹಬ್ಬದ ದಿನ ಒಬ್ಬ ಕಂಟ್ರಾಕ್ಟರರ ಹೆಂಡತಿ ಅವರಿಗೆ ಮೊರದ ಬಾಗಿನ ಕೊಟ್ಟು ಹೋದರು. ತೆರೆದು ನೋಡಿದರೆ ಬಳೆ, ಬಿಚ್ಚೋಲೆ, ಧಾನ್ಯಗಳ ನಡುವೆ ಬೆಳ್ಳಿಯ ದೀಪದ ಕಂಬಗಳು, ಜೋಡಿ. ಬಾಗಿನ ತಿರುಗಿಸಿದರೆ ಗೌರಿಗೆ ಅಪಚಾರ. ಇವರು ಏನು ಮಾಡಿದರು ಗೊತ್ತೇ? ಅಂದೇ ಸಂಜೆ ತಾವೂ ಒಂದು ಬಾಗಿನ ಸಿದ್ಧಮಾಡಿ, ಅದರಲ್ಲಿ ಆ ಜೋಡಿ ಕಂಬಗಳನ್ನು ಇಟ್ಟು, ಮುಚ್ಚಿ, ಸೆರಗು ಹೊದಿಸಿಕೊಂಡು ಹೋಗಿ, ‘ಮುತ್ತೈದೆ ಬಾಗಿನ, ತಗೊಳ್ಳಿ’ ಎಂದು ಅವರಿಗೇ ಕೊಟ್ಟು ಬಂದರು. ಇಬ್ಬರೂ ಪರಸ್ಪರ ಕುಂಕುಮ ಹಚ್ಚಿಕೊಂಡರಂತೆ. ಮುಂದಿನ ವರ್ಷದ ಬಾಗಿನದಲ್ಲಿ ಬಳೆ ಬಿಚ್ಚೋಲೆ ಮಾತ್ರ ಇತ್ತು. ಈ ವಿಷಯ ಅವರ ಗಂಡನಿಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ನೈತಿಕತೆಯ ತರಗತಿಯಲ್ಲಿ ಇಂಥ ಪ್ರಶ್ನೆಪತ್ರಿಕೆ ಯಾರು ಹಾಕುತ್ತಾರೆ!

ಇಷ್ಟು ಹೇಳಿದ ಕೂಡಲೇ ಒಂದು ಹಳೆಯ ರಾಗ ಎತ್ತುವವರಿದ್ದಾರೆ: ‘ನೋಡಿದಿರಾ, ಗಂಡಸು ಕೆಡುವುದು ಹೆಂಡತಿಯ ಆಸೆಯಿಂದಲೇ.’ ಇದನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಲಂಚ ತೆಗೆದುಕೊಂಡವನ ಕೈ ಅವನದು, ಸಹಿ ಅವನದು, ಕುರ್ಚಿ ಅವನದು. ಹೆಂಡತಿ ಒಡವೆ ಕೇಳಿದಳೆಂದು ಬೇರೆಯವರ ಖಾತೆ ತಡೆದು ಕೂಡಲು ಯಾರೂ ಹೇಳಿಲ್ಲ. ಮುಂಜಾನೆ ದಾಳಿ ನಡೆದ ದಿನ ಟಿ.ವಿ.ಯಲ್ಲಿ ಹಾಸಿಗೆಯ ಮೇಲೆ ಹರಡಿ ತೋರಿಸುವುದು ಮಾತ್ರ ಹೆಂಡತಿಯ ಬಳೆ, ಸರ, ಸೀರೆಗಳನ್ನು. ಇನ್ನು ಈಗ ಕುರ್ಚಿಯಲ್ಲಿ ಹೆಂಗಸರೇ ಕುಳಿತಿದ್ದಾರೆ. ಅವರಲ್ಲೂ ತೆಗೆದುಕೊಳ್ಳುವವರಿದ್ದಾರೆ, ಅಲ್ಲಿ ಗಂಡ ಹಿಂಬಾಗಿಲಲ್ಲಿ ನಿಂತು ಮಾತಾಡುತ್ತಾನೆ. ಆಗ ‘ಗಂಡನ ಆಸೆಯಿಂದ’ ಎಂದು ಯಾರೂ ಹಾಡುವುದಿಲ್ಲ. ನಾನು ಹೇಳುವುದು ಆಸೆಯ ಮಾತಲ್ಲ, ತಿಳಿವಳಿಕೆಯ ಮಾತು. ಮನೆಯಲ್ಲಿ ಇರುವವರಿಗೆ, ಹೆಂಡತಿಯಾಗಲಿ ಗಂಡನಾಗಲಿ, ಗೊತ್ತಿರುತ್ತದೆ. ಗೊತ್ತಿದ್ದ ಮೇಲೆ ಉಣ್ಣುವುದಕ್ಕೂ ಗೊತ್ತಿಲ್ಲದೆ ಉಣ್ಣುವುದಕ್ಕೂ ವ್ಯತ್ಯಾಸವಿದೆ.

ಕಾನೂನು ಈ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ. ಅಧಿಕಾರಿಯ ಅಕ್ರಮ ಆಸ್ತಿಯನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು ನೆರವಾದ ಮನೆಯವರನ್ನೂ, ಅವರು ಸರ್ಕಾರಿ ನೌಕರರಲ್ಲದಿದ್ದರೂ, ಕುಮ್ಮಕ್ಕು ಕೊಟ್ಟವರೆಂದು ವಿಚಾರಣೆಗೆ ಗುರಿಪಡಿಸಬಹುದೆಂದು ಸುಪ್ರೀಂ ಕೋರ್ಟ್ 1999ರಲ್ಲಿ ನಲ್ಲಮ್ಮಾಳ್ ಎಂಬುವರ ಮೊಕದ್ದಮೆಯಲ್ಲಿ ಹೇಳಿತು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಮೊಕದ್ದಮೆ ನಮ್ಮ ಬೆಂಗಳೂರಿನಲ್ಲಿ ನಡೆದು 2014ರಲ್ಲಿ ತೀರ್ಪು ಬಂದಾಗ, ಯಾವ ಸರ್ಕಾರಿ ಹುದ್ದೆಯೂ ಇಲ್ಲದ ಅವರ ಮನೆಯವರಿಗೂ ಶಿಕ್ಷೆಯಾಯಿತು. ಹೈಕೋರ್ಟಿನಲ್ಲಿ ಬಿಡುಗಡೆಯಾಗಿ, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿದು, ಶಶಿಕಲಾ ಅವರು ಪರಪ್ಪನ ಅಗ್ರಹಾರದ ಜೈಲಿನಲ್ಲಿ ವರ್ಷಗಟ್ಟಲೆ ಇದ್ದರು. ಕಥೆಯ ಬೇಡನ ಹೆಂಡತಿ ‘ಪಾಲಿಲ್ಲ’ ಎಂದು ಹೇಳಿ ಪಾರಾದಳು. ಆಸ್ತಿ ತನ್ನ ಹೆಸರಿನಲ್ಲಿ ಇಟ್ಟುಕೊಂಡವಳು ಇಂದು ಹಾಗೆ ಹೇಳುವಂತಿಲ್ಲ.

ಆದರೆ ಕಾನೂನು ನೋಡುವುದು ಹೆಸರು, ದಾಖಲೆ. ಅದಕ್ಕಿಂತ ಮೊದಲೇ ನಮ್ಮ ಬಾಯಿಂದ ಹೊರಡುವ ಒಂದು ಮಾತಿದೆ. ಹೆಣ್ಣು ಕೊಡುವ ಮಾತುಕತೆಗಳಲ್ಲಿ ಕುಳಿತು ನೋಡಿ. ಹುಡುಗ ಇಂಥ ಇಲಾಖೆ ಎಂದ ಕೂಡಲೇ ಹಿರಿಯರೊಬ್ಬರು ಧ್ವನಿ ತಗ್ಗಿಸಿ, ‘ಸಂಬಳ ಬಿಡಿ, ಗಿಂಬಳ ಹೇಗೆ?’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಕಾಫಿ ಬರುತ್ತದೆ. ಎಷ್ಟು ಮುದ್ದಾದ ಪದ ನೋಡಿ, ಗಿಂಬಳ! ಸಂಬಳದ ತಮ್ಮನ ಹಾಗಿದೆ. ಇನ್ನೊಂದು ‘ಮಾಮೂಲು’, ಎಂದರೆ ಎಂದಿನಂತೆ ನಡೆದು ಬಂದದ್ದು. ನಮ್ಮ ಭಾಷೆ ಈ ಪಾಪಕ್ಕೆ ಇಷ್ಟು ಮೃದುವಾದ ಬಟ್ಟೆ ತೊಡಿಸಿದೆ. ಆ ಹುಡುಗಿ ಒಳಗಿನ ಕೋಣೆಯಲ್ಲಿ ಇದನ್ನು ಕೇಳಿಸಿಕೊಳ್ಳುತ್ತಾಳೆ. ಮುಂದೆ ಅವಳು ‘ಎಲ್ಲಿಂದ ಬಂತು’ ಎಂದು ಗಂಡನನ್ನು ಕೇಳುವ ಬಾಯಿ ಎಲ್ಲಿಂದ ತರಬೇಕು? ಎಷ್ಟು ಬರುತ್ತದೆ ಎಂದು ವಿಚಾರಿಸಿಯೇ ಅವಳನ್ನು ಕಳಿಸಿರುತ್ತೇವಲ್ಲ. ವರದಕ್ಷಿಣೆ ಕೊಟ್ಟು ಮದುವೆ ಮಾಡಿದ್ದರಂತೂ ಆ ಹಣವನ್ನೇ ಅವನು ಹೊರಗೆ ಎತ್ತಿಕೊಳ್ಳುತ್ತಿದ್ದಾನೆ ಎಂದು ಅವಳು ತಿಳಿದರೂ ತಪ್ಪೇನಿಲ್ಲ. ಸರ್ಕಾರಿ ನೌಕರ ವರದಕ್ಷಿಣೆ ತೆಗೆದುಕೊಳ್ಳಬಾರದೆಂಬುದು ಕೇಂದ್ರದ ನಡತೆ ನಿಯಮದಲ್ಲೇ ಬರೆದಿದೆ. ಅಲ್ಲಿಗೆ, ನೈತಿಕತೆಯ ಮೊದಲ ಪರೀಕ್ಷೆ ಎಷ್ಟೋ ಮಂದಿಗೆ ಮದುವೆಯ ಮಂಟಪದಲ್ಲೇ ಮುಗಿದುಹೋಗಿರುತ್ತದೆ, ಫಲಿತಾಂಶವೂ ಗೊತ್ತಾಗಿರುತ್ತದೆ.

ಮನಸ್ಸು ತಿದ್ದುವುದು ಕಷ್ಟ, ಅವಕಾಶವನ್ನೇ ಇಲ್ಲವಾಗಿಸಿದರೆ ಸಾಕು ಎನ್ನುವವರ ಮಾತನ್ನೂ ನಾನು ಒಪ್ಪುತ್ತೇನೆ. ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದ ಮೇಲೆ, ಒಂದು ಪಹಣಿಗಾಗಿ ಶ್ಯಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಮನೆಯ ಜಗುಲಿಯಲ್ಲಿ ಕಾಯುವುದು ಎಷ್ಟೋ ಜನಕ್ಕೆ ತಪ್ಪಿತು. 2012ರಲ್ಲಿ ‘ಸಕಾಲ’ ಬಂದು ಇಂತಿಷ್ಟು ದಿನದಲ್ಲಿ ಕೆಲಸ ಆಗಲೇಬೇಕೆಂದು ಗೊತ್ತುಮಾಡಿತು. ಲೋಕಾಯುಕ್ತ 1986ರಲ್ಲಿ ಕೆಲಸ ಆರಂಭಿಸಿತು. ನಡುವೆ 2016ರಲ್ಲಿ ಬೇರೆ ದಳ ಮಾಡಿ, 2022ರಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿ ಅಧಿಕಾರ ಲೋಕಾಯುಕ್ತಕ್ಕೇ ಮರಳಿತು. ಇವೆಲ್ಲ ಬೇಕು. ಕಂಪ್ಯೂಟರಿನ ಮುಂದೆ ಲಂಚ ತೆಗೆದುಕೊಳ್ಳಲಾಗದ ಗುಮಾಸ್ತ ಪ್ರಾಮಾಣಿಕನೇ ಎಂದು ತತ್ವಶಾಸ್ತ್ರದವರು ಚರ್ಚೆ ಮಾಡಲಿ, ಮಳೆಯಲ್ಲಿ ಹಳ್ಳಿಯಿಂದ ಬಂದ ಅಜ್ಜಿಗೆ ಕಾಗದ ಸಿಕ್ಕಿತಲ್ಲ, ಅಷ್ಟು ಸಾಕು. ಆದರೆ ಯಂತ್ರ ನಿರ್ಧರಿಸಲಾಗದ ಒಂದು ಮೇಜು ಎಲ್ಲ ಕಚೇರಿಯಲ್ಲೂ ಉಳಿದಿರುತ್ತದೆ. ಒಬ್ಬ ಮನುಷ್ಯ ‘ಆಗಬಹುದು’ ಅಥವಾ ‘ಆಗದು’ ಎಂದು ಬರೆಯಬೇಕಾದ ಮೇಜು. ಲಂಚ ಸರಿದು ಸರಿದು ಆ ಮೇಜಿನ ಬಳಿಗೆ ಬಂದು ನಿಲ್ಲುತ್ತದೆ.

ಕೊಡುವವರೂ ನಾವೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಭ್ರಷ್ಟಾಚಾರ ತಡೆ ಕಾಯ್ದೆ 1988ರದು. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರದೂ ನೇರ ಅಪರಾಧ. ಬಲವಂತಕ್ಕೆ ಕೊಟ್ಟದ್ದಾದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಏಳು ದಿನ! ನಮ್ಮಲ್ಲಿ ಲಂಚ ಕೊಟ್ಟ ಏಳನೆಯ ದಿನಕ್ಕೆ ಕೆಲಸವಾಯಿತೆಂಬ ಸಂತೋಷಕ್ಕೆ ಸತ್ಯನಾರಾಯಣ ಪೂಜೆ ನಡೆದಿರುತ್ತದೆ.

ತರಬೇತಿ ಸಂಸ್ಥೆಯವರಿಗೆ ನನ್ನದೊಂದು ಸಲಹೆ ಇದೆ. ಇದನ್ನು ಕೇಳಿ ನನ್ನ ಆ ವಿದ್ಯಾರ್ಥಿ ಬಿದ್ದುಬಿದ್ದು ನಕ್ಕ, ನೀವೂ ನಗಬಹುದು. ನೈತಿಕತೆಯ ಪಾಠದ ಒಂದು ದಿನ ಅಧಿಕಾರಿಯ ಜೊತೆ ಅವನ ಹೆಂಡತಿಯನ್ನೂ, ಅಧಿಕಾರಿ ಹೆಂಗಸಾದರೆ ಅವಳ ಗಂಡನನ್ನೂ ಕರೆಯಿರಿ. ಭಾಷಣ ಬೇಡ. ಅವರ ಸಂಬಳ ಎಷ್ಟು, ಕಡಿತ ಎಷ್ಟು, ಕೈಗೆ ಬರುವುದು ಎಷ್ಟು ಎಂಬ ಚೀಟಿಯನ್ನು ಇಬ್ಬರ ಮುಂದೂ ಇಡಿ. ಆಸ್ತಿ ವಿವರದ ನಮೂನೆಯನ್ನು ಇಬ್ಬರೂ ಕೂತು ಓದಲಿ. ಗಂಡನ ಸಂಬಳ ಎಷ್ಟೆಂದು ತಿಳಿಯದ ಹೆಂಡತಿಯರು ನಮ್ಮಲ್ಲಿ ಇಂದಿಗೂ ಎಷ್ಟೋ ಮಂದಿ ಇದ್ದಾರೆ. ಲಕ್ಕಮ್ಮನಿಗೆ ಪ್ರಮಾಣ ಗೊತ್ತಿದ್ದರಿಂದಲೇ ಹೆಚ್ಚಿನದು ಕಂಡಿತು. ಪ್ರಮಾಣವನ್ನೇ ಮುಚ್ಚಿಟ್ಟರೆ ಹೆಚ್ಚಿನದು ಕಾಣುವುದಾದರೂ ಹೇಗೆ?

ಆದರೆ ಕಂಡ ಮೇಲೆ ಏನು? ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಲಕ್ಕಮ್ಮ ಹೇಳಿದಳು, ಮಾರಯ್ಯ ಕೇಳಿದ. ಎಲ್ಲ ಮನೆಯಲ್ಲೂ ಮಾರಯ್ಯರಿರುವುದಿಲ್ಲ. ಕೇಳಿದ್ದಕ್ಕೆ ಏಟು ತಿಂದವರಿದ್ದಾರೆ. ‘ನಿನಗೆ ಊಟ ಬಟ್ಟೆಗೆ ಏನು ಕಡಿಮೆ?’ ಎಂಬ ಮಾತಿಗೆ ಬಾಯಿ ಮುಚ್ಚಿದವರಿದ್ದಾರೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಉಪಾಧ್ಯಾಯಿನಿಯ ಗಂಡ ಯಾವುದೋ ಇಲಾಖೆಯಲ್ಲಿದ್ದರು. ಅವರು ತಮ್ಮ ಮಗಳ ಫೀಸು, ಪುಸ್ತಕ, ಬಟ್ಟೆ ಎಲ್ಲವನ್ನೂ ತಮ್ಮ ಸಂಬಳದಿಂದಲೇ ಕಟ್ಟುತ್ತಿದ್ದರು. ‘ಮಗಳ ಮಟ್ಟಿಗಾದರೂ ನ್ಯಾಯವಾದದ್ದೇ ಇರಲಿ ಮೇಡಂ’ ಎಂದು ಒಮ್ಮೆ ಹೇಳಿದ್ದರು. ಉಳಿದದ್ದರ ಬಗ್ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದೇ ಮನೆಯಲ್ಲಿ ಎರಡು ಡಬ್ಬಿ ಇಟ್ಟು ಬದುಕುವುದು ಎಷ್ಟು ಕಷ್ಟ ಎಂದು ಆಮೇಲೆ ಆಗಾಗ ಯೋಚಿಸಿದ್ದೇನೆ. ಅಕ್ಕಿ ಬೇರೆ ಮಾಡಬಹುದು. ಮನೆಯ ಮಾಡನ್ನು, ಫ್ಯಾನಿನ ಗಾಳಿಯನ್ನು ಬೇರೆ ಮಾಡುವುದು ಹೇಗೆ?

ಸರ್ಕಾರಿ ಶಾಲೆಯ ನಾವೂ ವರ್ಷಕ್ಕೊಮ್ಮೆ ಆಸ್ತಿ ವಿವರ ಬರೆದು ಕೊಡಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಐದು ನಿಮಿಷದ ಕೆಲಸ, ಬರೆಯಲು ಇರುವುದೇ ಅಷ್ಟು. ಆ ವರ್ಷ ಸ್ಟಾಫ್ ರೂಮಿನಲ್ಲಿ ಅವರು ನನ್ನ ಪಕ್ಕ ಬಂದು ಕುಳಿತು, “ಮೇಡಂ, ಇವರು ನನ್ನ ಹೆಸರಲ್ಲಿ ಒಂದು ಸೈಟು ಮಾಡಿದಾರೆ. ಅದನ್ನೂ ಬರೀಬೇಕಲ್ಲವಾ?” ಎಂದರು.

“ಬರೀಲೇಬೇಕು,” ಎಂದೆ.

ಅವರು ಬರೆದರು. ಅಳತೆ, ಬಡಾವಣೆಯ ಹೆಸರು, ಬೆಲೆ ಎಲ್ಲ ಗುಂಡಗಿನ ಅಕ್ಷರದಲ್ಲಿ. ಕೊನೆಯ ಅಂಕಣದಲ್ಲಿ, ಆಸ್ತಿ ಹೇಗೆ ಬಂತು, ಕ್ರಯವೋ ದಾನವೋ ಪಿತ್ರಾರ್ಜಿತವೋ, ಕ್ರಯವಾದರೆ ಹಣದ ಮೂಲ ಯಾವುದು ಎಂದು ಕೇಳಿತ್ತು. ಪೆನ್ನು ಅಲ್ಲಿ ನಿಂತಿತು. ಮೂರನೆಯ ಪೀರಿಯಡ್ಡಿನ ಬೆಲ್ಲು ಹೊಡೆದರೂ ಅವರು ಏಳಲಿಲ್ಲ. ಆಮೇಲೆ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, “ಇದನ್ನು ಮನೇಗೆ ತಗೊಂಡು ಹೋಗಿ ಅವರನ್ನೇ ಕೇಳ್ತೀನಿ ಮೇಡಂ,” ಎಂದು ಎಂಟನೆಯ ತರಗತಿಗೆ ಹೋದರು.